ಅಂಚೆಚೀಟಿ ಗಾತ್ರದ ಹುಲಿ

ಚಿತ್ರ ಬೇಕಾದರೆ ವಾರಿಜಾ ಟೀಚರ್ ಹತ್ತಿರ ಹೋಗಿ. ಮೂಡುಬಿದಿರೆಯ ಆಸುಪಾಸಿನ ನಮ್ಮ ಹೈಸ್ಕೂಲಿನಲ್ಲಿ ಬಹಳ ವರ್ಷ ಈ ಮಾತಿಗೆ ಎದುರು ಮಾತು ಇರಲಿಲ್ಲ. ವಾರಿಜಾ ಟೀಚರ್ ಎಂದರೆ ನಾನೇ. ನಾನು ಕಲಿಸುತ್ತಿದ್ದದ್ದು ಇಂಗ್ಲಿಷ್. ಆದರೆ ನನ್ನ ಕೀರ್ತಿ ನಿಂತಿದ್ದದ್ದು ಗ್ರಾಮರಿನ ಮೇಲಲ್ಲ, ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಒಂದು ಮರದ ಕಪಾಟಿನ ಮೇಲೆ.

ಆ ಕಪಾಟಿನ ತುಂಬ ಚಿತ್ರಗಳು. ಹಳೆಯ ವಾರಪತ್ರಿಕೆ, ಅಂಗಡಿಯವರು ಕೊಟ್ಟ ಕ್ಯಾಲೆಂಡರ್, ಗಲ್ಫಿನಿಂದ ಬಂದ ಬಿಸ್ಕತ್ತಿನ ಡಬ್ಬದ ಸುತ್ತಿನ ಕಾಗದ, ಎಲ್ಲದರಿಂದ ನಾನೇ ಕತ್ತರಿಸಿ ಇಟ್ಟದ್ದು. ಕಾನ್ವೆಂಟಿನಲ್ಲಿ ನಮಗೆ ಸ್ಕ್ರ್ಯಾಪ್ ಬುಕ್ ಮಾಡಲು ಕಲಿಸಿದ ಸಿಸ್ಟರ್ ಒಬ್ಬರು ಕತ್ತರಿ ಹಿಡಿಯುವ ರೀತಿ ನೋಡಿಯೇ ಹುಡುಗಿಯ ಕ್ಯಾರೆಕ್ಟರ್ ಹೇಳುತ್ತಿದ್ದರು. ನನ್ನ ಕ್ಯಾರೆಕ್ಟರ್ ಬಹಳ ನೀಟ್ ಎಂದಿದ್ದರು. ಅವರಿಗೆ ನನ್ನ ಕತ್ತರಿ ಮಾತ್ರ ಕಂಡಿತ್ತು, ಪಾಪ.

ಪ್ರಾಜೆಕ್ಟಿಗೆ ಚಿತ್ರ ಬೇಕಾದ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲಬೇಕು.

"ಟೀಚರ್, ಒಂದು ನವಿಲು ಉಂಟಾ?"

ನಾನು ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದೆ. "ನಿಂತದ್ದಾ, ಕುಣಿಯುವುದಾ?"

ಆ ಒಂದು ಪ್ರಶ್ನೆಯಲ್ಲಿ ಎಷ್ಟು ಡಿಗ್ನಿಟಿ ಇತ್ತು ಎಂದು ಈಗ ಹೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ. ಸೆರಗಿನ ಪಿನ್ನಿಗೆ ಸಿಕ್ಕಿಸಿದ್ದ ಕೀ ತೆಗೆಯಬೇಕು, ಕಪಾಟು ಕಿರ್ರೆನ್ನಬೇಕು, ನವಿಲು ಹೊರಗೆ ಬರಬೇಕು. ಮಗು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ದೇವಸ್ಥಾನದಲ್ಲಿ ಪ್ರಸಾದ ಕೊಡುವವರಿಗೆ ಕೂಡ ಅಷ್ಟು ಸುಖ ಇರಲಿಕ್ಕಿಲ್ಲ.

ಆಮೇಲೆ ಶಾಲೆಗೆ ಕಂಪ್ಯೂಟರ್ ಬಂತು. ಬರಲಿ. ಕಂಪ್ಯೂಟರಿನ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಅದರ ಜೊತೆಗೆ ಶಮೀಮಾ ಟೀಚರ್ ಬಂದಳು.

ಶಮೀಮಾ ದಿನಾ ಬಂಟ್ವಾಳದಿಂದ ಬಸ್ಸಿನಲ್ಲಿ ಬರುವ ಹುಡುಗಿ. ಹೊಸದಾಗಿ ಡಿಗ್ರಿ ಮುಗಿಸಿದ್ದಳು. ಚೂಡಿದಾರಕ್ಕೆ ಒಪ್ಪುವ ಬಣ್ಣದ ಶಾಲು, ಅದಕ್ಕೆ ಕಾಣದ ಹಾಗೆ ಪಿನ್ನು, ಮಾತಿಗೆ ಮೊದಲು ನಗು. ಪಿನ್ನು ಕುತ್ತುವುದರಲ್ಲಿಯೂ ಅವಳು ನನಗಿಂತ ನೀಟ್. ಇದು ನನಗೆ ಮೊದಲ ದಿನವೇ ಇಷ್ಟವಾಗಲಿಲ್ಲ.

ಒಂದು ದಿನ ಒಂಬತ್ತನೆಯ ಕ್ಲಾಸಿನ ಸೌಮ್ಯಾಳನ್ನು ನಾನೇ ಕರೆದು ಕೇಳಿದೆ. "ಪಕ್ಷಿಗಳ ಪ್ರಾಜೆಕ್ಟ್ ಉಂಟಂತಲ್ಲ, ನವಿಲು ಬೇಡವಾ ನಿನಗೆ?"

"ಬೇಡ ಟೀಚರ್. ಶಮೀಮಾ ಟೀಚರ್ ಇಂಟರ್ನೆಟ್ಟಿನಿಂದ ತೆಗೆದು ಕೊಟ್ರು. ಬಿಳಿದು ಕೊಟ್ರು."

"ಬಿಳಿದು ಎಂತದು?"

"ಬಿಳಿ ನವಿಲು ಟೀಚರ್."

ನನ್ನ ಇಡೀ ಸರ್ವೀಸಿನಲ್ಲಿ ಒಂದು ಬಿಳಿ ನವಿಲು ಸಿಕ್ಕಿರಲಿಲ್ಲ. ನಾನು ಎಷ್ಟು ಕ್ಯಾಲೆಂಡರ್ ಕತ್ತರಿಸಿದ್ದೆ, ಎಷ್ಟು ಸಲೂನಿನವರ ಹತ್ತಿರ ಹಳೆಯ ಪತ್ರಿಕೆ ಕೇಳಿ ತರಿಸಿದ್ದೆ! ಈ ಹುಡುಗಿ ಬಂದು ಒಂದು ಮಳೆಗಾಲ ಕಳೆದಿಲ್ಲ, ಬಿಳಿ ನವಿಲು! ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಜೆಲಸಿ ಎಂದು ನೀವು ಹೇಳಬಹುದು. ನಾನು ಗ್ಯಾಸ್ಟ್ರಿಕ್ ಎಂದು ಹೇಳಿದೆ.

ಅದೇ ವಾರ ಹೆಡ್ಮಾಷ್ಟ್ರು ನನ್ನನ್ನು ಆಫೀಸಿಗೆ ಕರೆಸಿದರು. ಅವರು ಬಹಳ ಸಾಧು ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮೊದಲು ಯಾವಾಗಲೂ ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತಿದ್ದರು.

"ವಾರಿಜಾ ಟೀಚರ್, ಸ್ಟಾಫ್ ರೂಮಿನಲ್ಲಿ ಒಂದು ಕಂಪ್ಯೂಟರ್ ಇಡುವ ಅಂತ. ಮೇಜಿಗೆ ಜಾಗ ಸಾಲುವುದಿಲ್ಲ. ನಿಮ್ಮ ಕಪಾಟನ್ನು ಸ್ವಲ್ಪ..."

"ಸ್ವಲ್ಪ ಎಂತ ಸರ್?"

"ಸ್ವಲ್ಪ ಹೊರಗೆ."

"ಹೊರಗೆ ಎಂದರೆ?"

ಕ್ಯಾಪ್ ಹಾಕಿದರು, ತೆಗೆದರು. "ಗುಜರಿಯವನು ಬರ್ತಾನೆ. ನಿಮಗೆ ಬೇಕಾದ್ದನ್ನು ತೆಗೆದುಕೊಳ್ಳಿ ಅಲ್ಲ? ಹೇಗೂ ಈಗ ಚಿತ್ರ ಎಲ್ಲ ಇಂಟರ್ನೆಟ್ಟಿನಲ್ಲಿ ಸಿಗ್ತದೆ."

ನಾನು ರಿಟೈರ್ ಆಗಲು ಹೆಚ್ಚು ಸಮಯ ಇರಲಿಲ್ಲ. ನಾನು ಹೋದ ಮೇಲೂ ಆ ಮೂಲೆಯಲ್ಲಿ ಆ ಕಪಾಟು ಇರಬೇಕು, ಯಾರಾದರೂ ಅದನ್ನು ತೋರಿಸಿ "ಇದು ವಾರಿಜಾ ಟೀಚರದ್ದು" ಎನ್ನಬೇಕು ಎಂಬ ಒಂದೇ ಆಸೆ ನನಗಿದ್ದದ್ದು. ಅದನ್ನು ಗುಜರಿಗೆ! ನಾನು ಎದ್ದು ನಿಂತೆ. ಕಾನ್ವೆಂಟಿನಲ್ಲಿ ಡಿಬೇಟಿಗೆ ನಿಲ್ಲುತ್ತಿದ್ದ ಹಾಗೆಯೇ ನಿಂತೆ.

"ಸರ್, ವಾರ್ಷಿಕೋತ್ಸವಕ್ಕೆ ಸ್ಟೇಜಿನ ಹಿಂದೆ ದೊಡ್ಡ ಹುಲಿಯ ಬ್ಯಾನರ್ ಬೇಕು ಅಂದಿದ್ರಲ್ಲ? ಅದು ನನಗೆ ಬಿಡಿ. ಇಂಟರ್ನೆಟ್ಟಿನಿಂದಲೇ ತೆಗೀತೇನೆ. ಮಕ್ಕಳಿಗೂ ತೆಗೆಯಲಿಕ್ಕೆ ನಾನೇ ಕಲಿಸ್ತೇನೆ. ಅದು ಒಳ್ಳೆದಾದರೆ ಕಪಾಟು ಅಲ್ಲಿಯೇ ಇರ್ತದೆ. ಪ್ರಾಮಿಸ್?"

ಹೆಡ್ಮಾಷ್ಟ್ರಿಗೆ ಹುಲಿಗಿಂತ ಶಾಂತಿ ಮುಖ್ಯ. "ಆಗಲಿ ಟೀಚರ್," ಎಂದರು.

ಆ ವರ್ಷದ ವಾರ್ಷಿಕೋತ್ಸವಕ್ಕೆ "ಕಾಡು ಉಳಿಸಿ" ಎಂಬ ವಿಷಯ. ಅರಣ್ಯ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಮುಖ್ಯ ಅತಿಥಿ. ಸ್ಟೇಜಿನ ಗೋಡೆಯಷ್ಟು ಅಗಲದ ಬ್ಯಾನರ್. ಅದರಲ್ಲಿ ಒಂದು ಹುಲಿ. ಕೆಳಗೆ ದಪ್ಪ ಅಕ್ಷರದಲ್ಲಿ "ನನ್ನನ್ನು ಉಳಿಸಿ". ಈ ವಾಕ್ಯ ನನ್ನದೇ. ಹುಲಿಯನ್ನು ನೆನೆದು ಬರೆದೆನೋ ಕಪಾಟನ್ನು ನೆನೆದು ಬರೆದೆನೋ ಗೊತ್ತಿಲ್ಲ.

ಸಂಜೆ ಮನೆಯಲ್ಲಿ ಇವರಿಗೆ ವಿಷಯ ಹೇಳಿದೆ. ನಮ್ಮವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಯಾವ ಉತ್ಸಾಹವನ್ನೂ ನೋಡಿದ ಕೂಡಲೇ ಅದಕ್ಕೆ ಶ್ಯೂರಿಟಿ ಉಂಟಾ ಎಂದು ಕೇಳುವ ಅಭ್ಯಾಸ.

"ನಿನ್ನ ಕಪಾಟಿನಲ್ಲಿಯೇ ಒಳ್ಳೆ ಹುಲಿ ಉಂಟಲ್ಲ ಮಾರಾಯ್ತಿ. ಆ ಗೊಬ್ಬರದ ಕಂಪೆನಿಯ ಕ್ಯಾಲೆಂಡರಿನದ್ದು. ಅದನ್ನೇ ದೊಡ್ಡದು ಮಾಡಿಸು."

"ಪ್ರಶ್ನೆ ಹುಲಿಯದ್ದಲ್ಲ."

"ಗೊತ್ತುಂಟು," ಎಂದು ಪೇಪರಿನ ಪುಟ ತಿರುಗಿಸಿದರು. "ಪ್ರಶ್ನೆ ಆ ಹುಡುಗಿಯದ್ದು."

ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಸ್ವಲ್ಪ ಜೋರಾಗಿಯೇ ಹಾಕಿದೆ.

ಈಗ ಇಂಟರ್ನೆಟ್ ಕಲಿಯಬೇಕು. ಶಮೀಮಾಳನ್ನು ಕೇಳಿದರೆ ಅವಳು ಖಂಡಿತ ಹೇಳಿಕೊಡುತ್ತಿದ್ದಳು, ಅದೂ ನಗುತ್ತಾ. ಅದೇ ತೊಂದರೆ. ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ಅವಳ ಕ್ಲಾಸು ನಡೆಯುವಾಗ ಕಾಂಪೊಸಿಷನ್ ಪುಸ್ತಕಗಳ ಕಟ್ಟು ಹಿಡಿದುಕೊಂಡು ಕಂಪ್ಯೂಟರ್ ರೂಮಿಗೆ ಹೋದೆ. "ಸ್ಟಾಫ್ ರೂಮಿನಲ್ಲಿ ಸೆಕೆ, ಇಲ್ಲಿ ಫ್ಯಾನ್ ಒಳ್ಳೆದುಂಟು," ಎಂದು ಹಿಂದಿನ ಬೆಂಚಿನಲ್ಲಿ ಕೂತೆ. ಕೈಯಲ್ಲಿ ಕೆಂಪು ಪೆನ್ನು, ಕಣ್ಣು ಪರದೆಯ ಮೇಲೆ. ಆ ದಿನ ತಿದ್ದಿದ ಪುಸ್ತಕಗಳಲ್ಲಿ ತಪ್ಪುಗಳಿಗೂ ರೈಟ್ ಬಿದ್ದಿತ್ತು ಎಂದು ಆಮೇಲೆ ಮಕ್ಕಳು ಬಹಳ ಸಂತೋಷದಿಂದ ಹೇಳಿದರು.

ಆಗಿನ ಇಂಟರ್ನೆಟ್ ಟೆಲಿಫೋನ್ ಲೈನಿನಲ್ಲಿ ಬರುತ್ತಿತ್ತು. ಮೊದಲು ಗಂಟಲು ಕೆಟ್ಟ ಕೋಳಿಯ ಹಾಗೆ ಕೀಂ ಕೊರ್ರ್ ಎಂದು ಕೂಗಬೇಕು. ಅದು ಕೂಗಿದ ಮೇಲೆ ಹೆಡ್ಮಾಷ್ಟ್ರ ಫೋನ್ ಸತ್ತ ಹಾಗೆ. ಶಮೀಮಾ ಹುಲಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಅಂಚೆಚೀಟಿಯಷ್ಟು ದೊಡ್ಡ ಹುಲಿಗಳು ಸಾಲು ಸಾಲಾಗಿ ಬಂದವು. ಅವಳು ಒಂದನ್ನು ಒತ್ತಿದಳು. ಅದು ದೊಡ್ಡದಾಗಲು ಹೊರಟಿತು. ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯುತ್ತದೆ, ನೋಡಿ. ಕಿವಿ ಬರುವಾಗ ಅರ್ಧ ಪಿರಿಯಡ್ ಮುಗಿದಿತ್ತು. ಮೀಸೆಗೆ ಬರುವಾಗ ಬೆಲ್ ಆಯಿತು.

"ಉಳಿದದ್ದು ನಾಳೆ ಮಕ್ಕಳೇ," ಎಂದಳು ಶಮೀಮಾ.

ಒಂದು ಹುಲಿಗೆ ಎರಡು ಪಿರಿಯಡ್! ನನಗೆ ಒಳಗೊಳಗೆ ಸಕ್ಕರೆ ತಿಂದ ಹಾಗಾಯಿತು. ಪೂರ್ತಿ ಹುಲಿಗಳು ಆ ಅಂಚೆಚೀಟಿಗಳ ಪುಟದಲ್ಲಿಯೇ ಕೂತಿದ್ದಾವೆ. ತಲೆಯಿಂದ ಬಾಲದವರೆಗೆ ಸರಿಯಾಗಿವೆ. ಅದನ್ನೇ ಸೇವ್ ಮಾಡಿದರೆ ಆಗದಾ? ಈ ಕಾಲದವರಿಗೆ ಡಿಗ್ರಿ ಇರುತ್ತದೆ, ಕಾಮನ್ ಸೆನ್ಸ್ ಇರುವುದಿಲ್ಲ.

ಶನಿವಾರ ಬೆಳಿಗ್ಗೆ ಒಂಬತ್ತನೆಯ ಕ್ಲಾಸನ್ನು ನಾನೇ ಕಂಪ್ಯೂಟರ್ ರೂಮಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಹಾಕಿದ ಕಾಟನ್ ಸೀರೆ ಉಟ್ಟಿದ್ದೆ. ಬಾಗಿಲಲ್ಲಿ ಶಮೀಮಾ ನಿಂತಿದ್ದಳು.

"ನಾನೂ ಕೂತ್ಕೊಳ್ಳಲಾ ಟೀಚರ್? ಬೇಕಾದರೆ ಸಹಾಯಕ್ಕೆ ಆಗ್ತದೆ."

"ವಿತ್ ಪ್ಲೆಷರ್," ಎಂದೆ, ಯಾವ ಪ್ಲೆಷರೂ ಇಲ್ಲದೆ.

ಪಾಠ ಬಹಳ ಚೆನ್ನಾಗಿ ಹೋಯಿತು ಎಂದು ಹೇಳಲೇಬೇಕು. ನಾನು ಮೌಸನ್ನು ಎತ್ತಿ ತೋರಿಸಿದೆ. "ಮಕ್ಕಳೇ, ಈ ಇಲಿಗೆ ಎರಡು ಕಿವಿ. ಎಡಗಿವಿ ಹಿಂಡಿದರೆ ಹೇಳಿದ ಕೆಲಸ ಮಾಡ್ತದೆ. ಬಲಗಿವಿ ಹಿಂಡಿದರೆ, ಏನೇನು ಮಾಡ್ಲಿ ಟೀಚರ್ ಅಂತ ಒಂದು ಪಟ್ಟಿ ಕೊಡ್ತದೆ. ಆ ಪಟ್ಟಿಯಲ್ಲಿ ಸೇವ್ ಎಂದು ಉಂಟು. ಅದನ್ನು ಒತ್ತಿ."

ಮಕ್ಕಳಿಗೆ ಕಿವಿ ಹಿಂಡುವುದು ಚೆನ್ನಾಗಿ ಗೊತ್ತಿದ್ದ ವಿಷಯ. ಎಲ್ಲರಿಗೂ ಕೂಡಲೇ ಅರ್ಥವಾಯಿತು.

"ಸಣ್ಣ ಹುಲಿ ಬಂತಲ್ಲ? ಅದರ ಮೇಲೆಯೇ ಬಲಗಿವಿ. ದೊಡ್ಡದು ಮಾಡ್ತಾ ಕೂರಬೇಡಿ. ಟೈಮ್ ವೇಸ್ಟ್."

ಹಿಂದಿನಿಂದ ಶಮೀಮಾ ಮೆಲ್ಲಗೆ ಹೇಳಿದಳು. "ಟೀಚರ್, ಮೊದಲು ಒತ್ತಿ ದೊಡ್ಡದು ಮಾಡಿ, ಆಮೇಲೆ ಸೇವ್ ಮಾಡಿದರೆ ಒಳ್ಳೆದಿತ್ತು."

ಇಡೀ ಕ್ಲಾಸು ನನ್ನನ್ನು ನೋಡಿತು. ನಾನು ಸೆರಗು ಸರಿಮಾಡಿಕೊಂಡೆ.

"ಶಮೀಮಾ, ಮೈ ಡಿಯರ್, ಮನೆಯಲ್ಲಿ ಮಾವಿನ ಗಿಡ ಮಾಡ್ಬೇಕಾದರೆ ಗೊರಟು ತಂದರೆ ಸಾಕಲ್ಲ? ಮರವನ್ನೇ ಹೊತ್ತುಕೊಂಡು ಬರಬೇಕಾ?"

ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟು ಒಳ್ಳೆಯ ಉಪಮೆ ನನಗೆ ಅದಕ್ಕೆ ಮೊದಲು ಎಂದೂ ಹೊಳೆದಿರಲಿಲ್ಲ. ಅಲ್ಲಿಯೇ ನನಗೆ ಸಂಶಯ ಬರಬೇಕಿತ್ತು.

"ಹಾಗೂ ಆಗ್ತದೆ ಟೀಚರ್," ಎಂದು ಶಮೀಮಾ ಸುಮ್ಮನಾದಳು. ಅವಳು ಸುಮ್ಮನಾದ ರೀತಿ ನನಗೆ ಬಹಳ ಇಷ್ಟವಾಯಿತು.

ಇಂಟರ್ನೆಟ್ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ, ಚಿತ್ರ ತುಂಬಿಸಿಡುವ ಫ್ಲಾಪಿಯೂ ಒಂದೇ. ಮಕ್ಕಳು ಸಾಲಾಗಿ ಬಂದು ಒಬ್ಬೊಬ್ಬರು ಒಂದೊಂದು ಹುಲಿ ಸೇವ್ ಮಾಡಿದರು. ಎಂತ ಸ್ಪೀಡು! ಶಮೀಮಾಳ ಅರ್ಧ ಹುಲಿಯ ಸಮಯದಲ್ಲಿ ನನ್ನ ಇಡೀ ಕ್ಲಾಸು ಮುಗಿಯಿತು. ನಡುವೆ ಒಂದು ಸಣ್ಣ ಪ್ರಶ್ನೆ ಬಂತು.

"ಟೀಚರ್, ಹೆಸರು ಕೇಳ್ತದೆ."

"ಟೈಗರ್ ಎಂದು ಹಾಕು. ಹುಲಿಗೆ ಮತ್ತೆಂತ ಹೆಸರು?"

ಮುಂದಿನವಳು ಹೇಳಿದಳು. "ಟೀಚರ್, ಟೈಗರ್ ಆಗಲೇ ಉಂಟಂತೆ. ರಿಪ್ಲೇಸ್ ಮಾಡ್ಲಿಕ್ಕುಂಟಾ ಅಂತ ಕೇಳ್ತದೆ."

ನಾನು ಬೇರೊಬ್ಬನ ಕಾಲರ್ ಸರಿಮಾಡುತ್ತಿದ್ದೆ. ತಿರುಗಿ ನೋಡಲಿಲ್ಲ. "ಯಾರಾದರೂ ಮರ್ಯಾದೆಯಲ್ಲಿ ಕೇಳಿದರೆ ಯಸ್ ಹೇಳಬೇಕು. ಅದು ಮ್ಯಾನರ್ಸ್."

ಇಡೀ ಕ್ಲಾಸು ಬಹಳ ಮ್ಯಾನರ್ಸಿನಲ್ಲಿ ಯಸ್ ಹೇಳಿತು.

ಮಕ್ಕಳು ಹೋದ ಮೇಲೆ, ಶಮೀಮಾಳೂ ಹೋದ ಮೇಲೆ, ನಾನು ಫ್ಲಾಪಿ ತೆರೆದು ನೋಡಿದೆ. ಚಾರ್ಮಾಡಿಯ ಕಾಡಿನಷ್ಟು ಹುಲಿಗಳು ಇರಬೇಕಿತ್ತು. ಒಂದು ಹುಲಿ ಇತ್ತು. ಕೊನೆಗೆ ಬಂದವಳು ಸೇವ್ ಮಾಡಿದ್ದು. ಒಬ್ಬೊಬ್ಬರ ಯಸ್ ಹಿಂದಿನವರ ಹುಲಿಯನ್ನು ನುಂಗಿಹಾಕಿತ್ತು. ಯಾರನ್ನು ಕೇಳುವುದು? ಕೇಳಬೇಕಾದವಳು ಒಬ್ಬಳೇ. ಅವಳನ್ನು ಕೇಳುವ ಬದಲು ನಾನು ಡಾರ್ವಿನ್ ಥಿಯರಿ ನೆನಪು ಮಾಡಿಕೊಂಡೆ. ಅಷ್ಟು ಹುಲಿಗಳೊಡನೆ ಹೊಡೆದಾಡಿ ಉಳಿದ ಹುಲಿ ಎಂದರೆ ಅದೆಷ್ಟು ಗಟ್ಟಿ ಇರಬೇಕು! ನೋಡಲಿಕ್ಕೂ ಚಂದವಿತ್ತು. ಕಣ್ಣು, ಮೀಸೆ, ಪಟ್ಟೆ, ಎಲ್ಲ ಚೊಕ್ಕ. ಅಂಚೆಚೀಟಿಯ ಗಾತ್ರದಲ್ಲಿ.

ಬಂಟ್ವಾಳದ ಹತ್ತಿರ ಬಿ.ಸಿ.ರೋಡಿನಲ್ಲಿ ಒಂದು ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿ. ಬಿಸಿಲಿಗೆ ಫ್ಲಾಪಿ ಹಾಳಾಗಬಾರದೆಂದು ಟಿಫಿನ್ ಬಾಕ್ಸಿನಲ್ಲಿ ಕರ್ಚೀಫು ಹಾಸಿ ಮಲಗಿಸಿ ತೆಗೆದುಕೊಂಡು ಹೋದೆ. ಬಸ್ಸಿನಲ್ಲಿ ಪಕ್ಕದವಳು, "ಎಂತ ಟೀಚರ್, ಕಡುಬಾ?" ಎಂದು ಕೇಳಿದಳು. "ಹುಲಿ," ಎಂದೆ. ಅವಳು ಎದ್ದು ಮುಂದಿನ ಸೀಟಿಗೆ ಹೋದಳು.

ಅಂಗಡಿಯವರು ಫ್ಲಾಪಿ ಹಾಕಿ ನೋಡಿ ತಲೆ ಕೆರೆದುಕೊಂಡರು.

"ಟೀಚರ್ರೇ, ಇದು ತುಂಬ ಸಣ್ಣದಾಯ್ತಲ್ಲ. ದೊಡ್ಡದಿಲ್ವಾ?"

"ದೊಡ್ಡದು ಮಾಡುವುದೇ ನಿಮ್ಮ ಕೆಲಸ ಅಲ್ವಾ?"

"ಮಾಡ್ಬಹುದು. ಆದರೆ ಚಿತ್ರ ಒಡೀತದೆ."

"ಒಡೆಯಲಿಕ್ಕೆ ಅದೆಂತ ಗಾಜಾ? ಹುಲಿ."

ಅವರು ನನ್ನನ್ನು ಒಮ್ಮೆ, ಹುಲಿಯನ್ನು ಒಮ್ಮೆ ನೋಡಿದರು. "ಆಯ್ತು. ಆಮೇಲೆ ನನ್ನನ್ನು ಹೇಳ್ಲಿಕ್ಕಿಲ್ಲ."

"ಇನ್ನೊಂದು. ಸುತ್ತಿಯೇ ಕೊಡಬೇಕು. ನಮ್ಮ ಶಾಲೆಯಿಂದ ಯಾರು ಬಂದು ಕೇಳಿದರೂ ಬಿಚ್ಚಿ ತೋರಿಸ್ಲಿಕ್ಕಿಲ್ಲ."

ಶಾಲೆಯಿಂದ ಯಾರು ಬಂದು ಕೇಳುತ್ತಾರೆ ಎಂದು ಅವರು ಕೇಳಲಿಲ್ಲ. ದಿನಾ ಸಂಜೆ ಆ ದಾರಿಯಲ್ಲಿ ಬಸ್ಸಿಳಿದು ಮನೆಗೆ ಹೋಗುವವಳು ಒಬ್ಬಳಿದ್ದಾಳೆ ಎಂದು ನಾನೂ ಹೇಳಲಿಲ್ಲ. ಈಗ ಯೋಚಿಸಿದರೆ ಅವಳು ಒಮ್ಮೆ ನೋಡಿದ್ದರೆ ಎಷ್ಟು ಚೆನ್ನಾಗಿತ್ತು.

ವಾರ್ಷಿಕೋತ್ಸವದ ಸಂಜೆ. ಸುತ್ತಿದ ಬ್ಯಾನರನ್ನು ಸ್ಟೇಜಿನ ಮೇಲ್ಗಡೆ ಎರಡು ದಾರದಲ್ಲಿ ಕಟ್ಟಿಸಿದ್ದೆ. ಅತಿಥಿಗಳು ಕೂತ ಮೇಲೆ ನಾನು ಸನ್ನೆ ಮಾಡಬೇಕು, ಇಬ್ಬರು ಹುಡುಗಿಯರು ದಾರ ಎಳೆಯಬೇಕು, ಹುಲಿ ಒಮ್ಮೆಲೇ ಇಳಿಯಬೇಕು. ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಎಲ್ಲಿಯಾದರೂ ಶಮೀಮಾಳ ಮುಖ ಕಾಣುತ್ತದಾ ಎಂದು ನೋಡಿದೆ. ಎರಡನೆಯ ಸಾಲಿನಲ್ಲಿ ಕೂತಿದ್ದಳು. ಒಳ್ಳೆಯ ಜಾಗ. ನಾನು ಕೈ ಎತ್ತಿದೆ.

ಬ್ಯಾನರ್ ಸರ್ರನೆ ಇಳಿಯಿತು.

ಗೋಡೆ ತುಂಬ ಚೌಕಗಳು. ಕಿತ್ತಳೆ ಬಣ್ಣದ್ದು, ಕಪ್ಪಿನದ್ದು, ಅಲ್ಲಲ್ಲಿ ಬಿಳಿಯದ್ದು. ಒಂದೊಂದು ಚೌಕ ಬಚ್ಚಲಿನ ಟೈಲ್ಸಿನಷ್ಟು ದೊಡ್ಡದು. ಕಣ್ಣು ಎಲ್ಲಿ, ಮೂಗು ಎಲ್ಲಿ, ಹುಲಿಯನ್ನು ಹೆತ್ತ ತಾಯಿ ಬಂದರೂ ಹೇಳಲಾರಳು. ಕೆಳಗೆ "ನನ್ನನ್ನು ಉಳಿಸಿ" ಎಂಬ ಅಕ್ಷರಗಳು ಮಾತ್ರ ಬಹಳ ಸ್ಪಷ್ಟವಾಗಿ ಬಂದಿದ್ದವು.

ಹೆತ್ತವರ ಸಾಲಿನಲ್ಲಿ ಪಿಸುಮಾತು ಸುರುವಾಯಿತು.

"ಎಂತದು ಅದು, ಜಿಲೇಬಿಯಾ?"

"ಅಲ್ಲ ಮಾರಾಯ, ಟೈಲ್ಸ್ ಅಂಗಡಿಯ ಅಡ್ವರ್ಟೈಸ್ಮೆಂಟ್ ಇರ್ಬೇಕು. ಅವರೇ ಖರ್ಚು ಕೊಟ್ಟದ್ದು."

ಅಧಿಕಾರಿಗಳು ಭಾಷಣಕ್ಕೆ ಎದ್ದರು. ತಿರುಗಿ ಬ್ಯಾನರನ್ನು ಬಹಳ ಹೊತ್ತು ನೋಡಿದರು.

"ಕಾಡ್ಗಿಚ್ಚು ಎಷ್ಟು ಭಯಂಕರ ಎಂಬುದನ್ನು ಮಕ್ಕಳು ಬಹಳ ಪರಿಣಾಮಕಾರಿಯಾಗಿ ತೋರಿಸಿದ್ದಾರೆ," ಎಂದರು. "ನನ್ನ ಸರ್ವೀಸಿನಲ್ಲಿ ಇಷ್ಟು ದೊಡ್ಡ ಬೆಂಕಿ ನಾನು ಕಂಡದ್ದಿಲ್ಲ. ಆದರೆ ಕೆಳಗೆ ‘ನನ್ನನ್ನು ಉಳಿಸಿ’ ಎಂದು ಬರೆದಿದ್ದೀರಿ. ಕಾಡ್ಗಿಚ್ಚನ್ನು ನಾವು ಸಾಮಾನ್ಯವಾಗಿ ಆರಿಸುತ್ತೇವೆ. ಉಳಿಸುವುದಿಲ್ಲ."

ಸಭೆ ನಕ್ಕಿತು. ಮುಂದೆ ಕೂತಿದ್ದ ಸೌಮ್ಯಾ ಎದ್ದು ನಿಂತಳು. ಸತ್ಯ ಹೇಳಬೇಕೆಂದು ಅವಳಿಗೆ ಕಲಿಸಿದವಳು ನಾನೇ.

"ಸರ್, ಅದು ಹುಲಿ."

ಅಧಿಕಾರಿಗಳು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿ ನೋಡಿದರು.

"ಎಲ್ಲಿ?" ಎಂದರು.

ನಾನು ಸ್ಟೇಜಿನ ಪಕ್ಕದ ಪರದೆಯ ಹಿಂದೆ ಹೋಗಿ ನಿಂತೆ. ಅಲ್ಲಿಯೇ ಪರದೆಯ ಜೊತೆ ನನ್ನನ್ನೂ ಸುತ್ತಿ ಯಾರಾದರೂ ಅಟ್ಟಕ್ಕೆ ಹಾಕಿದ್ದರೆ ಬೇಡ ಎನ್ನುತ್ತಿರಲಿಲ್ಲ. ಹೆಡ್ಮಾಷ್ಟ್ರು ಕೂತಲ್ಲಿಯೇ ಪೆನ್ನಿನ ಕ್ಯಾಪ್ ತೆಗೆದು ಹಾಕುತ್ತಿದ್ದದ್ದು ಕಾಣುತ್ತಿತ್ತು. ನನ್ನ ಕಣ್ಣೆದುರಿಗೆ ಗುಜರಿಯವನು ಕಪಾಟಿಗೆ ಹಗ್ಗ ಕಟ್ಟುತ್ತಿದ್ದ.

"ಟೀಚರ್."

ಶಮೀಮಾ. ನಗುತ್ತಿರಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕಪಾಟಿನ ಕೀ ಕೊಡ್ತೀರಾ ಟೀಚರ್? ಬೇಗ."

ಸೆರಗಿನ ಪಿನ್ನು ಬಿಚ್ಚಿ ಕೀ ಕೊಟ್ಟೆ. ಯಾರ ಕೈಗೂ ಕೊಡದ ಕೀ.

ಅಧಿಕಾರಿಗಳ ಭಾಷಣ ಮುಗಿಯುವಷ್ಟರಲ್ಲಿ ಒಂಬತ್ತನೆಯ ಕ್ಲಾಸು ಸಾಲಾಗಿ ಸ್ಟೇಜಿಗೆ ಬಂತು. ಒಬ್ಬೊಬ್ಬರ ಎದೆಯ ಮೇಲೆ ಒಂದೊಂದು ಚಿತ್ರ, ನನ್ನ ಚಿತ್ರಗಳು. ಸಲೂನಿನ ಪತ್ರಿಕೆಯ ಜಿಂಕೆ. ಬಿಸ್ಕತ್ತಿನ ಡಬ್ಬದ ಆನೆ. ಕುಣಿಯುವ ನವಿಲು, ನಿಂತ ನವಿಲು. ಮಂಗಟ್ಟೆ ಹಕ್ಕಿ, ಮುಳ್ಳುಹಂದಿ, ಅಳಿಲು. ಎಲ್ಲರ ನಡುವೆ ಸೌಮ್ಯಾ, ಎರಡೂ ಕೈಯಲ್ಲಿ ಎತ್ತಿ ಹಿಡಿದದ್ದು ಗೊಬ್ಬರದ ಕ್ಯಾಲೆಂಡರಿನ ಹುಲಿ. ಒಬ್ಬೊಬ್ಬರು ಒಂದು ಹೆಜ್ಜೆ ಮುಂದೆ ಬಂದು, "ನಾನು ಜಿಂಕೆ, ನನ್ನನ್ನು ಉಳಿಸಿ," "ನಾನು ಆನೆ, ನನ್ನನ್ನು ಉಳಿಸಿ," ಎನ್ನುತ್ತಾ ಹೋದರು. ಹಿಂದೆ ಗೋಡೆ ತುಂಬ ಕಾಡ್ಗಿಚ್ಚು. ಎಷ್ಟು ಸರಿಯಾಗಿ ಹೊಂದಿತು ಎಂದರೆ, ಬೇಕೆಂದೇ ಮಾಡಿದ ಹಾಗಿತ್ತು!

ಅಧಿಕಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಮೀಮಾ ಮೈಕ್ ಹಿಡಿದು, "ಈ ಚಿತ್ರ ಎಲ್ಲ ವಾರಿಜಾ ಟೀಚರ್ ಕತ್ತರಿಸಿ ಇಟ್ಟದ್ದು," ಎಂದು ಹೇಳಿದಳು. ಎರಡು ಸಲ ಹೇಳಿದಳು. ಚಪ್ಪಾಳೆಯ ಗೌಜಿಯಲ್ಲಿ ಯಾರಿಗೂ ಕೇಳಿಸಲಿಲ್ಲ, ನನ್ನೊಬ್ಬಳಿಗೆ ಬಿಟ್ಟು. ಒಬ್ಬರ ಮೇಲೆ ನೆಮ್ಮದಿಯಲ್ಲಿ ಹೊಟ್ಟೆಕಿಚ್ಚು ಪಡಬೇಕಾದರೆ ಅವರಲ್ಲಿ ಒಂದಾದರೂ ದುರ್ಗುಣ ಬೇಕು. ಆ ಹುಡುಗಿ ಅಷ್ಟು ಉಪಕಾರವನ್ನೂ ನನಗೆ ಮಾಡಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹೆಡ್ಮಾಷ್ಟ್ರು ನಗುತ್ತಾ ಬಂದರು. ಕೈಯಲ್ಲಿ ಪೆನ್ನು ಇರಲಿಲ್ಲ. ಒಳ್ಳೆಯ ಸುದ್ದಿ ಎಂದುಕೊಂಡೆ.

"ಟೀಚರ್, ಆ ಕಪಾಟನ್ನು ಗುಜರಿಗೆ ಹಾಕುವುದು ಉಂಟಾ? ಅದು ಶಾಲೆಯ ಆಸ್ತಿ. ಯಾವಾಗಲೂ ಇರಬೇಕು."

"ಥ್ಯಾಂಕ್ಯೂ ಸರ್," ಎಂದೆ. ಕಣ್ಣಿಗೆ ನೀರು ಬಂತು.

"ಕಂಪ್ಯೂಟರ್ ರೂಮಿನಲ್ಲಿ ಇಡುವ. ಶಮೀಮಾ ಟೀಚರ್ ನೋಡ್ಕೊಳ್ತಾರೆ. ಕೀ ಹೇಗೂ ಅವರ ಹತ್ರವೇ ಉಂಟಲ್ಲ."

ಕಪಾಟು ಉಳಿಯಬೇಕು ಎಂದು ನಾನು ಬೇಡಿಕೊಂಡಿದ್ದೆ. ಉಳಿಯಿತು. ಎಲ್ಲಿ, ಯಾರ ಕೈಯಲ್ಲಿ ಎಂದು ಬೇಡಿಕೊಳ್ಳುವಾಗಲೇ ಸರಿಯಾಗಿ ಹೇಳಬೇಕು. ದೇವರಿಗೂ ಕಂಪ್ಯೂಟರಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಬ್ಯಾನರ್ ನನ್ನ ಜೊತೆ ಮನೆಗೆ ಬಂತು. ಇವರು ಅದನ್ನು ಬಿಚ್ಚಿ, ಮುಟ್ಟಿ, ಎಳೆದು ನೋಡಿದರು. ಇಡೀ ಪ್ರಕರಣದಲ್ಲಿ ಅದನ್ನು ನೋಡಿ ಸಂತೋಷಪಟ್ಟವರು ಇವರೊಬ್ಬರೇ.

"ಒಳ್ಳೆ ಗಟ್ಟಿ ಉಂಟು ಮಾರಾಯ್ತಿ. ನೀರು ಇಳಿಯುವುದಿಲ್ಲ."

ಮಾರನೆಯ ದಿನ ನನ್ನ ಹುಲಿ ಅಂಗಳದ ಮೂಲೆಯ ಸೌದೆ ರಾಶಿಯ ಮೇಲೆ ಮಲಗಿತು. ನಾಲ್ಕು ಮೂಲೆಗೆ ನಾಲ್ಕು ಕಲ್ಲು. ನಮ್ಮ ಮನೆ ಇರುವುದು ಬಂಟ್ವಾಳದ ರಸ್ತೆಯಿಂದ ಒಳಗೆ, ನಡುವೆ ಗದ್ದೆ ಬಯಲು. ಮನೆಯಂಗಳ ಬಸ್ಸಿನಿಂದ ದೂರಕ್ಕೆ ಕಾಣುತ್ತದೆ.

ವಾರ್ಷಿಕೋತ್ಸವದ ರಜೆ ಮುಗಿದು ಶಾಲೆಗೆ ಹೋದ ದಿನ ಶಮೀಮಾ ಓಡಿಕೊಂಡೇ ಬಂದಳು.

"ಟೀಚರ್, ನಿಮ್ಮ ಹುಲಿ ನೋಡಿದೆ. ಎಷ್ಟು ಚಂದ ಕಾಣ್ತದೆ! ಬಸ್ಸಿನವರೆಲ್ಲ ಎದ್ದು ನಿಂತು ನೋಡಿದ್ರು. ಡ್ರೈವರ್ ಬಸ್ ಸ್ಲೋ ಮಾಡಿದ."

"ಶಮೀಮಾ, ತಮಾಷೆ ಮಾಡ್ಬೇಡ."

"ದೇವರಾಣೆ ಟೀಚರ್. ಕಣ್ಣು, ಮೀಸೆ, ಎಲ್ಲ ಉಂಟು."

ಆ ಸಂಜೆ ಬಸ್ಸಿಳಿದು ನಾನು ಕೂಡಲೇ ಗದ್ದೆಗೆ ಇಳಿಯಲಿಲ್ಲ. ರಸ್ತೆಯಲ್ಲಿಯೇ ನಿಂತು ತಿರುಗಿ ನೋಡಿದೆ. ಗದ್ದೆಯಾಚೆ, ನಮ್ಮ ಸೌದೆ ರಾಶಿಯ ಮೇಲೆ ಒಂದು ಹುಲಿ ಮಲಗಿ ನನ್ನನ್ನೇ ನೋಡುತ್ತಿತ್ತು. ಕಣ್ಣು, ಮೀಸೆ, ಪಟ್ಟೆ, ಒಂದೂ ಕಡಿಮೆ ಇರಲಿಲ್ಲ. ಎಂಥ ಗಾಂಭೀರ್ಯ! ನಾಲ್ಕು ಹೆಜ್ಜೆ ಗದ್ದೆಗೆ ಇಳಿದೆ. ಮೀಸೆ ಹೋಯಿತು. ಇನ್ನೂ ಹತ್ತಿರ ಹೋದೆ. ಕಣ್ಣು ಹೋಯಿತು. ಅಂಗಳಕ್ಕೆ ಬರುವಾಗ ಬಚ್ಚಲಿನ ಟೈಲ್ಸ್. ಹಿಂದೆ ಹಿಂದೆ ನಡೆದೆ, ಮತ್ತೆ ಹುಲಿ ಬಂತು.

ಜಗಲಿಯಿಂದ ಇವರು ಕೂಗಿದರು. "ಎಂತ ಮಾರಾಯ್ತಿ, ಗದ್ದೆಯಲ್ಲಿ ಹುಲಿವೇಷವಾ?"

ಮೀನಿನವಳು ಆ ವಾರದಿಂದ ಅಂಗಳಕ್ಕೆ ಬರುವುದನ್ನು ಬಿಟ್ಟು ರಸ್ತೆಯಲ್ಲಿಯೇ ನಿಂತು ಕೂಗತೊಡಗಿದಳು. ನನ್ನ ಹುಲಿಗೆ ಹೆದರಿದ ಒಂದು ಜೀವವಾದರೂ ಇತ್ತಲ್ಲ ಎಂದು ನನಗೆ ಸಮಾಧಾನ. ಆದರೆ ಆ ಹುಲಿಯ ಗುಟ್ಟು ನನಗೆ ಅರ್ಥವಾಗಿತ್ತು. ಅದು ನನ್ನದೇ ಗುಟ್ಟು. ದೂರದಿಂದ ಬಹಳ ಗಾಂಭೀರ್ಯ, ಹತ್ತಿರ ಬಂದರೆ ಬರೀ ಚೌಕ. ನನ್ನ ಹುಲಿಯನ್ನು ಹುಲಿ ಎಂದು ಮೊದಲು ಗುರುತಿಸಿದವಳು ಕೂಡ ಶಮೀಮಾಳೇ. ಅದೂ ಬಸ್ಸಿನ ಕಿಟಕಿಯಿಂದ.

ಮಾರನೆಯ ದಿನ ಕೊನೆಯ ಪಿರಿಯಡ್ ಮುಗಿದ ಮೇಲೆ ನಾನು ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಹೋಗಿ ನಿಂತೆ. ನನ್ನ ಕಪಾಟು ಕಿಟಕಿಯ ಪಕ್ಕ ಇತ್ತು. ಧೂಳು ಒರೆಸಿ, ಬಾಗಿಲಿಗೆ ಎಣ್ಣೆ ಬಿಟ್ಟಿದ್ದಳು. ಈಗ ಅದು ಕಿರ್ರೆನ್ನುತ್ತಿರಲಿಲ್ಲ. ಅದೂ ಅವಳ ಕಡೆಗೆ ಹೋಗಿತ್ತು.

"ಶಮೀಮಾ," ಎಂದೆ. "ಒಂದು ಬಿಳಿ ನವಿಲು ಉಂಟಾ?"

ಅವಳು ಪರದೆಯಿಂದ ಮುಖ ಎತ್ತಿ ನೋಡಿದಳು.

"ನಿಂತದ್ದಾ ಟೀಚರ್, ಕುಣಿಯುವುದಾ?"

ನನ್ನ ಪ್ರಶ್ನೆ. ಕಪಾಟಿನ ಜೊತೆ ಅದನ್ನೂ ಒಯ್ದಿದ್ದಳು.

"ಯಾವುದಾದರೂ ಆಗ್ತದೆ," ಎಂದೆ. "ದೊಡ್ಡದು ಕೊಡು."